ಒಂದು ಅಂಕಿಯ ಜಗಳ

ನನ್ನ ತಂಗಿಯ ಮನೆಯ ಬೀರುವಿನಲ್ಲಿ, ಮದುವೆಯ ಕಾಲದ ರೇಷ್ಮೆ ಸೀರೆಗಳ ಅಡಿಯಲ್ಲಿ, ಬೆಳ್ಳಿಯ ಬಣ್ಣದ ಒಂದು ಫೋನು ಇಂದಿಗೂ ಮಲಗಿದೆ. 2005ರ ದೀಪಾವಳಿಗೆ ಅವಳ ಮಗನು ಕೊರಿಯಾ ದೇಶದ ಸಿಯೋಲ್ ನಗರದಿಂದ ಬಂದಾಗ ತಾಯಿಗೆಂದು ತಂದ ಉಡುಗೊರೆ ಅದು. ನೋಡುವುದಕ್ಕೆ ಬಲು ಚೆಂದ. ಮಡಿಸಿದರೆ ಅಂಗೈಯಲ್ಲಿ ಅಡಗುತ್ತದೆ, ಬಿಚ್ಚಿದರೆ ಕನ್ನಡಿಯಂತೆ ಹೊಳೆಯುತ್ತದೆ. ಹಬ್ಬ ಮುಗಿದ ಮರುದಿನ ನಾವು ಮೂವರೂ ಅದನ್ನು ಹಿಡಿದುಕೊಂಡು ಗಾಂಧಿ ಬಜಾರಿನ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಹುಡುಗನು ಹಿಂದುಮುಂದು ತಿರುಗಿಸಿ, ಬ್ಯಾಟರಿ ಕಳಚಿ ನೋಡಿ, “ಇದಕ್ಕೆ ಸಿಮ್ ಹಾಕುವ ಜಾಗವೇ ಇಲ್ಲವಲ್ಲ, ಸಾರ್!” ಎಂದನು. ಸಿಮ್ ಇಲ್ಲದ ಫೋನುಗಳನ್ನು ನಡೆಸುವ ಕಂಪನಿಯೂ ಊರಿನಲ್ಲಿತ್ತು, ಅಲ್ಲಿಗೂ ಹೋದೆವು. ತಾವು ಮಾರಿದ ಫೋನುಗಳನ್ನಲ್ಲದೆ ಹೊರಗಿನವನ್ನು ಪಟ್ಟಿಗೆ ಸೇರಿಸುವುದಿಲ್ಲವೆಂದು ಅಲ್ಲಿಯ ಹುಡುಗಿ ಬಹು ವಿನಯದಿಂದ ತಿಳಿಸಿದಳು. ಅಂದಿನಿಂದ ಆ ಫೋನು ಬೆಳಗಿನ ಐದು ಗಂಟೆಗೆ ತಂಗಿಯನ್ನು ಎಬ್ಬಿಸುವ ಅಲಾರಮ್ ಗಡಿಯಾರವಾಯಿತು. ಕೆಲವು ವರ್ಷಗಳ ಮೇಲೆ ಆ ಉದ್ಯೋಗದಿಂದಲೂ ನಿವೃತ್ತವಾಯಿತು.

“ಅಣ್ಣಾ, ಅಪ್ಪ ಕೊಂಡಿದ್ದ ರೇಡಿಯೋ ಮೈಸೂರಿನಲ್ಲಿದ್ದಾಗಲೂ ಹಾಡಿತು, ಧಾರವಾಡಕ್ಕೆ ವರ್ಗವಾದಾಗಲೂ ಹಾಡಿತು, ಮುಂಬಯಿಗೆ ಒಯ್ದಾಗಲೂ ಹಾಡಿತು. ಇದಕ್ಕೆ ಮಾತ್ರ ಏನು ಬಂತು?” ಎಂದು ಅವಳು ಆ ದಿನ ಹಿಂದಿರುಗುವ ದಾರಿಯಲ್ಲಿ ಕೇಳಿದಳು. “ಮೂರನೆಯ ತಲೆಮಾರಿನ ಫೋನು ಬಂದರೆ ಜಗತ್ತಿಗೆಲ್ಲ ಒಂದೇ ಸಾಕು, ಮಗನ ಮುಖವನ್ನೂ ಅದರಲ್ಲಿಯೇ ನೋಡಬಹುದು ಎಂದು ನೀನೇ ಬರೆದಿದ್ದೆಯಲ್ಲ!”

ಬರೆದದ್ದು ಹೌದು. ಪತ್ರಿಕೆಯವನ ಮಾತನ್ನು ಮನೆಯವರು ಇಷ್ಟು ಚೆನ್ನಾಗಿ ನೆನಪಿಡುತ್ತಾರೆಂದು ತಿಳಿದಿದ್ದರೆ ಸ್ವಲ್ಪ ಎಚ್ಚರದಿಂದ ಬರೆಯುತ್ತಿದ್ದೆ. ಆ ದಿನ ಏನೋ ಒಂದು ಹಾರಿಕೆಯ ಉತ್ತರ ಹೇಳಿ ತಪ್ಪಿಸಿಕೊಂಡೆನು. ಸಾಲ ಹಾಗೆಯೇ ಉಳಿದಿದೆ. ವಾಚಕರ ಅಪ್ಪಣೆಯಿದ್ದರೆ ಈ ವಾರ ಅದನ್ನು ತೀರಿಸುತ್ತೇನೆ.

ಒಂದೊಂದು ಸೀಮೆಗೆ ಒಂದೊಂದು ಸೇರು, ಒಂದೊಂದು ಕೊಳಗ ಇದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಒಂದು ಸಂತೆಯಲ್ಲಿ ಕೊಂಡ ರಾಗಿ ಇನ್ನೊಂದು ಸಂತೆಯಲ್ಲಿ ಅಳೆದರೆ ಕಡಿಮೆಯಾಗುತ್ತಿತ್ತು. ಜೇಬಿನ ಫೋನುಗಳ ಮೊದಲನೆಯ ತಲೆಮಾರು, ಎಂದರೆ 1980ರ ದಶಕದ ಫೋನುಗಳು, ಇದೇ ಅವಸ್ಥೆಯಲ್ಲಿದ್ದುವು. ಯೂರೋಪಿನಲ್ಲಿ ದೇಶದ ಗಡಿ ದಾಟಿದೊಡನೆ ಬಹುಮಟ್ಟಿಗೆ ಫೋನು ಮೂಕವಾಗುತ್ತಿತ್ತು. ಇದರಿಂದ ಬೇಸತ್ತ ಅಲ್ಲಿಯ ಅಂಚೆ ತಂತಿ ಇಲಾಖೆಗಳು 1982ರಲ್ಲಿ ಒಂದು ಸಮಿತಿಯನ್ನು ನೇಮಿಸಿದುವು. 1987ರಲ್ಲಿ 13 ದೇಶಗಳವರು ಕೋಪನ್‌ಹೇಗನ್ನಿನಲ್ಲಿ ಕೂಡಿ ಒಡಂಬಡಿಕೆಗೆ ಸಹಿ ಹಾಕಿದರು. ಹೀಗೆ ಹುಟ್ಟಿದ್ದೇ ಜಿಎಸ್‌ಎಮ್ ಎಂಬ ಎರಡನೆಯ ತಲೆಮಾರು. 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಅದರ ಮೊದಲ ಕರೆ ಹೋಯಿತು. ಆದರೆ ಜಪಾನು ತನ್ನದೇ ಒಂದು ಪದ್ಧತಿಯನ್ನು ಕಟ್ಟಿಕೊಂಡಿತು. ಅದು ಒಳ್ಳೆಯ ಪದ್ಧತಿಯೇ. ಆದರೆ ಜಪಾನಿನ ಹೊರಗೆ ಅದನ್ನು ಕೇಳುವವರಿರಲಿಲ್ಲ. ಅಮೆರಿಕದಲ್ಲಂತೂ ಒಂದೇ ದೇಶದೊಳಗೆ ಎರಡು ಮೂರು ಪದ್ಧತಿಗಳು ಒಂದರ ಪಕ್ಕದಲ್ಲೊಂದು ಅಂಗಡಿ ಹೂಡಿದುವು.

ಜಿನೀವಾದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೆಂಬ ಸಂಸ್ಥೆಯಿದೆ. ಮೂರನೆಯ ತಲೆಮಾರಾದರೂ ಲೋಕಕ್ಕೆಲ್ಲ ಒಂದೇ ಆಗಿರಲಿ ಎಂಬ ಕನಸನ್ನು ಆ ಸಂಸ್ಥೆಯವರು 1980ರ ದಶಕದ ನಡುಭಾಗದಲ್ಲಿಯೇ ಕಂಡರು. ಕನಸಿಗೆ ಇಟ್ಟ ಹೆಸರು ಇಂಗ್ಲಿಷಿನಲ್ಲಿ ಆರು ಅಕ್ಷರಗಳದ್ದು, ಯಾರ ನಾಲಗೆಗೂ ಹೊರಳದು. ಆದುದರಿಂದ ಬಳಿಕ ಅದನ್ನು ಐಎಮ್‌ಟಿ-2000 ಎಂದು ತಿದ್ದಿದರು. ಈ 2000ಕ್ಕೆ ಮೂರು ಅರ್ಥ. ಕ್ರಿ. ಶ. 2000ದ ಸುಮಾರಿಗೆ ಅದು ಬರಬೇಕು. 2000 ಮೆಗಾಹರ್ಟ್ಸಿನ ಆಸುಪಾಸಿನ ಅಲೆಗಳ ಮೇಲೆ ನಡೆಯಬೇಕು. ಮನೆಯೊಳಗೆ ಕುಳಿತವನಿಗೆ ಸೆಕೆಂಡಿಗೆ 2000 ಕಿಲೋಬಿಟ್ ವೇಗ ಕೊಡಬೇಕು. ನಡೆದಾಡುವವನಿಗೆ 384, ವಾಹನದಲ್ಲಿ ಓಡುವವನಿಗೆ 144 ಸಾಕೆಂದು ರಿಯಾಯಿತಿ ಕೊಟ್ಟರು. 1992ರಲ್ಲಿ ಸ್ಪೇನಿನ ಟೊರೆಮೊಲಿನೋಸ್ ಎಂಬ ಕಡಲತೀರದ ಊರಿನಲ್ಲಿ ಸೇರಿದ ಮಹಾಸಭೆ ಇದಕ್ಕಾಗಿ 230 ಮೆಗಾಹರ್ಟ್ಸ್ ತರಂಗಾಂತರವನ್ನು ಎತ್ತಿಟ್ಟಿತು. ದೇವರಿಗೆಂದು ಮೀಸಲಿಟ್ಟ ಕಾಯಿಯನ್ನು ಮನೆಯ ಮಗುವೇ ಒಡೆದು ತಿಂದ ಹಾಗೆ, ಅದರಲ್ಲಿ ಒಂದು ಭಾಗವನ್ನು ಅಮೆರಿಕ 1995ರಲ್ಲಿಯೇ ಎರಡನೆಯ ತಲೆಮಾರಿನವರಿಗೆ ಹರಾಜು ಹಾಕಿಬಿಟ್ಟಿತು. ಮುಂದಿನ ತೊಡಕಿಗೆ ಇದು ನಾಂದಿ.

ಇನ್ನು ಜಗಳದ ಮೂಲಕ್ಕೆ ಬರೋಣ. ಅದಕ್ಕೆ ಮುಂಚೆ ಆಕಾಶದಲ್ಲಿ ಇಷ್ಟು ಜನರ ಮಾತು ಒಂದರೊಡನೊಂದು ಬೆರೆಯದೆ ಹೇಗೆ ಹೋಗುತ್ತದೆಂಬುದನ್ನು ತಿಳಿಯಬೇಕು. ಮೊದಲನೆಯ ತಲೆಮಾರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಎಂದರೆ ಒಂದೊಂದು ಮಾತುಕತೆಗೆ ಒಂದೊಂದು ಬೇರೆ ಅಲೆ. ಕೋಣೆಗಳು ಮುಗಿದರೆ ಬಂದವರು ಬೀದಿಯಲ್ಲಿ ನಿಲ್ಲಬೇಕು. ಜಿಎಸ್‌ಎಮ್‌ನಲ್ಲಿ ಒಂದು ಕೋಣೆಯಲ್ಲಿ ಎಂಟು ಮಂದಿ ಸರದಿಯಂತೆ ಮಾತನಾಡುತ್ತಾರೆ. ಸರದಿ ಎಷ್ಟು ಬೇಗ ಬೇಗ ತಿರುಗುವುದೆಂದರೆ ಯಾರಿಗೂ ಮಾತು ಕಡಿದಂತೆ ತೋರುವುದಿಲ್ಲ. ಮೂರನೆಯ ಉಪಾಯ ಇವೆರಡಕ್ಕಿಂತ ವಿಚಿತ್ರವಾದುದು. ಕಾಶಿಯ ದಶಾಶ್ವಮೇಧ ಘಟ್ಟದಲ್ಲಿ ಸಂಜೆಯ ಆರತಿಯ ಹೊತ್ತಿಗೆ ನೀವು ನಿಂತಿದ್ದೀರಿ ಎನ್ನಿ. ಸುತ್ತಲೂ ಹಿಂದಿ, ಬಂಗಾಳಿ, ಮೈಥಿಲಿ, ಭೋಜಪುರಿ. ಗಂಟೆಯ ಸದ್ದು ಬೇರೆ. ಯಾವ ಮಾತೂ ಕಿವಿಗೆ ಅರ್ಥವಾಗಿ ಬೀಳುವುದಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ, “ಚಪ್ಪಲಿ ಎಲ್ಲಿ ಬಿಟ್ಟೆಯೋ?” ಎಂದು ಮಗನನ್ನು ಗದರುತ್ತಾರೆ. ತಟಕ್ಕನೆ ನಿಮ್ಮ ಕತ್ತು ತಿರುಗುತ್ತದೆ. ಗದ್ದಲ ಕಡಿಮೆಯಾಗಲಿಲ್ಲ, ಗದರಿದವರು ಕೂಗಿಯೂ ಹೇಳಲಿಲ್ಲ. ಕಿವಿಗೆ ಆ ಭಾಷೆ ಗೊತ್ತಿತ್ತು, ಅಷ್ಟೆ.

ಸಿಡಿಎಮ್ಎ ಎಂಬ ಪದ್ಧತಿಯ ಗುಟ್ಟೂ ಇದೇ. ಎಲ್ಲರೂ ಒಂದೇ ಅಲೆಯ ಮೇಲೆ ಒಂದೇ ಕಾಲದಲ್ಲಿ ಮಾತನಾಡುತ್ತಾರೆ. ಆದರೆ ಒಬ್ಬೊಬ್ಬರ ಮಾತಿಗೂ ಒಂದೊಂದು ಸಂಕೇತದ ಲೇಪವಿರುತ್ತದೆ. ಆ ಸಂಕೇತವನ್ನು ಬಲ್ಲ ಯಂತ್ರಕ್ಕೆ ಮಾತ್ರ ಆ ಮಾತು ತೆರೆದುಕೊಳ್ಳುತ್ತದೆ. ಉಳಿದುದೆಲ್ಲ ಅದಕ್ಕೆ ಬರಿಯ ಗದ್ದಲ. ಇದಕ್ಕೊಂದು ನಿಯಮವುಂಟು: ಯಾರೂ ಕಿರುಚಬಾರದು. ಗೋಪುರದ ಬುಡದಲ್ಲಿರುವವನು ಗಟ್ಟಿಯಾಗಿ ಕೂಗಿದರೆ ದೂರದವನ ಮಾತು ಮುಳುಗಿಹೋಗುತ್ತದೆ. ಆದುದರಿಂದ ಗೋಪುರವು ಪ್ರತಿಯೊಂದು ಫೋನಿಗೂ “ಮೆಲ್ಲಗೆ, ಇನ್ನೂ ಮೆಲ್ಲಗೆ, ಈಗ ತುಸು ಜೋರಾಗಿ” ಎಂದು ಸೂಚನೆ ಕೊಡುತ್ತಲೇ ಇರುತ್ತದೆ. ಮೂರನೆಯ ತಲೆಮಾರಿನ ಯೂರೋಪು-ಜಪಾನಿನ ಪದ್ಧತಿಯಲ್ಲಿ ಈ ಸೂಚನೆ ಸೆಕೆಂಡಿಗೆ 1500 ಬಾರಿ ಹೋಗುತ್ತದೆ! ನಮ್ಮ ಮದುವೆಯ ಛತ್ರಗಳಿಗೂ ಇಂತಹ ಒಬ್ಬ ಮೇಲ್ವಿಚಾರಕನು ಸಿಕ್ಕಿದರೆ ಎಷ್ಟು ಚೆನ್ನ.

ಈ ಉಪಾಯವನ್ನು ಜೇಬಿನ ಫೋನಿಗೆ ಹೊಂದಿಸಿ ತೋರಿಸಿದವರು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಕ್ವಾಲ್ಕಾಮ್ ಕಂಪನಿಯವರು. ಇರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮೊದಲಾದವರು 1985ರಲ್ಲಿ ಕಟ್ಟಿದ ಕಂಪನಿ ಅದು. ಇದು ನಡೆಯುವ ಮಾತಲ್ಲ ಎಂದು ನಕ್ಕ ಪಂಡಿತರಿಗೆ ಕೊರತೆಯಿರಲಿಲ್ಲ. 1995ರಲ್ಲಿ ಹಾಂಗ್‌ಕಾಂಗಿನಲ್ಲಿ, 1996ರಲ್ಲಿ ಕೊರಿಯಾದಲ್ಲಿ ಅದು ನಡೆದೇ ನಡೆಯಿತು. ನನ್ನ ತಂಗಿಯ ಬೀರುವಿನ ಫೋನು ಇದೇ ವಂಶದ್ದು. ನಗುತ್ತಿದ್ದವರೂ ಕಡೆಗೆ ಒಪ್ಪಿಕೊಂಡರು. ಮೂರನೆಯ ತಲೆಮಾರು ಇದೇ ಉಪಾಯದ ಮೇಲೆ ನಿಲ್ಲಬೇಕೆಂದು ಯೂರೋಪಿನವರೂ ಜಪಾನಿನವರೂ ತೀರ್ಮಾನಿಸಿದರು. ಅಷ್ಟರ ಮೇಲೆ ಜಗಳವೇಕೆ ಬಂತು ಎಂದು ಕೇಳುತ್ತೀರಿ. ದಾಯಾದಿಗಳಲ್ಲಿ ಜಗಳ ಬರುವುದು ಒಂದೇ ಆಸ್ತಿಯ ಮೇಲೆ ಇಬ್ಬರಿಗೂ ಕಣ್ಣು ಬಿದ್ದಾಗ.

ಯೂರೋಪಿನವರು ಮೊದಲು ತಮ್ಮತಮ್ಮಲ್ಲಿ ಕಾದಾಡಿದರು. ಅಲ್ಲಿಯ ದೂರಸಂಪರ್ಕ ಮಾನಕ ಸಂಸ್ಥೆಯ ಮುಂದೆ ಐದು ಪ್ರಸ್ತಾವಗಳು ಗ್ರೀಕ್ ಅಕ್ಷರಗಳ ಹೆಸರು ಹೊತ್ತು ನಿಂತಿದ್ದುವು. ಕಡೆಗೆ ಉಳಿದುವು ಎರಡು. ಒಂದರ ಹಿಂದೆ ಎರಿಕ್ಸನ್, ನೋಕಿಯಾ, ಜಪಾನಿನ ಡೊಕೊಮೊ. ಇನ್ನೊಂದರ ಹಿಂದೆ ಸೀಮೆನ್ಸ್, ಅಲ್ಕಾಟೆಲ್. 1998ರ ಜನವರಿಯ ಕೊನೆಯಲ್ಲಿ ಪ್ಯಾರಿಸಿನಲ್ಲಿ ಮತ ಹಾಕಿದರು. ಗೆಲ್ಲುವುದಕ್ಕೆ ನೂರಕ್ಕೆ 71 ಮತ ಬೇಕು. ಮೊದಲನೆಯ ಪಕ್ಷಕ್ಕೆ ಬಂದದ್ದು 60ಕ್ಕಿಂತ ಸ್ವಲ್ಪ ಹೆಚ್ಚು. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಆಗ ಹಿರಿಯರು ಕುಳಿತು ಪಂಚಾಯಿತಿ ಮಾಡಿ, ಜೋಡಿಯಾಗಿ ದೊರೆಯುವ ತರಂಗಾಂತರಕ್ಕೆ ಒಂದು ಪದ್ಧತಿ, ಒಂಟಿಯಾಗಿ ದೊರೆಯುವುದಕ್ಕೆ ಇನ್ನೊಂದು ಎಂದು ಹಂಚಿಕೊಟ್ಟರು. ಹೆಚ್ಚಿನ ತರಂಗಾಂತರವೆಲ್ಲ ಜೋಡಿಯಾಗಿಯೇ ಇದ್ದುದರಿಂದ ತೋಟ ಒಬ್ಬರಿಗೆ, ಬೇಲಿ ಇನ್ನೊಬ್ಬರಿಗೆ ಎಂಬಂತಾಯಿತೆಂದು ನನಗೆ ತೋರುತ್ತದೆ.

ಅದೇ ವರ್ಷದ ಜೂನ್ ತಿಂಗಳ ಗಡುವಿನೊಳಗೆ ಜಿನೀವಾಕ್ಕೆ ತಲಪಿದ ಭೂಜಾಲದ ಪ್ರಸ್ತಾವಗಳು ಒಟ್ಟು 10. ಯೂರೋಪಿನಿಂದ, ಅಮೆರಿಕದಿಂದ, ಜಪಾನಿನಿಂದ, ಕೊರಿಯಾದಿಂದ, ಚೀನದಿಂದ ಬಂದುವು. ಭಾರತದಿಂದ ಒಂದೂ ಹೋಗಿರಲಿಲ್ಲ. ಈ ಮಾತನ್ನು ವಾಚಕರು ಒಂದು ಗಂಟು ಕಟ್ಟಿಟ್ಟುಕೊಳ್ಳಬೇಕು, ಕಡೆಯಲ್ಲಿ ಬಿಚ್ಚೋಣ.

ಹತ್ತರಲ್ಲಿ ಮುಖ್ಯವಾದುವು ಎರಡು: ಯೂರೋಪು-ಜಪಾನಿನ ಡಬ್ಲ್ಯುಸಿಡಿಎಮ್ಎ, ಅಮೆರಿಕದ ಸಿಡಿಎಮ್ಎ-2000. ಎರಡೂ ಒಂದೇ ತಾಯಿಯ ಮಕ್ಕಳಂತೆ; ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅಡ್ಡ ನಿಂತದ್ದು ಮುಖ್ಯವಾಗಿ ಒಂದು ಅಂಕಿ. ಮಾತಿಗೆ ಸಂಕೇತದ ಲೇಪ ಹಚ್ಚುವಾಗ ಅದನ್ನು ಬಹು ಸಣ್ಣ ಚೂರುಗಳಾಗಿ ಕತ್ತರಿಸುತ್ತಾರೆ. ಒಂದೊಂದು ಚೂರಿಗೆ ಚಿಪ್ ಎಂದು ಹೆಸರು; ಯಂತ್ರದೊಳಗಣ ಸಿಲಿಕಾನ್ ಬಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ಸೆಕೆಂಡಿಗೆ ಇಂತಹ ಚೂರು ಎಷ್ಟಿರಬೇಕು? 40 ಲಕ್ಷ 96 ಸಾವಿರ ಎಂದು ಯೂರೋಪು, ಜಪಾನು. 36 ಲಕ್ಷ 86 ಸಾವಿರದ 400 ಎಂದು ಅಮೆರಿಕ. ಇದು ಯಾರೋ ಸುಮ್ಮನೆ ಬಾಯಿಗೆ ಬಂದುದನ್ನು ಹೇಳಿದ ಲೆಕ್ಕವಲ್ಲ. ಅಮೆರಿಕದ ಅಂಕಿ ತನ್ನ ಹಳೆಯ ಪದ್ಧತಿಯ ಅಂಕಿಗೆ ಸರಿಯಾಗಿ ಮೂರರಷ್ಟು. ಹಾಗಿದ್ದರೆ ಹಳೆಯ ಜಾಲ ಕಟ್ಟಿದವರು ಮೆಟ್ಟಿಲು ಮೆಟ್ಟಿಲಾಗಿ ಹೊಸದಕ್ಕೆ ಏರಬಹುದು. ಯೂರೋಪಿನವರಿಗೆ ಆ ಹಳೆಯ ಪದ್ಧತಿಯ ಹಂಗೇ ಇರಲಿಲ್ಲ. ತಮ್ಮ ಅಂಕಿಯಿಂದ ಜಾಲದಲ್ಲಿ ಹೆಚ್ಚು ಜನ ಹಿಡಿಯುತ್ತಾರೆಂಬುದು ಅವರ ವಾದ. ನಮ್ಮನ್ನು ಹೊರಗಿಡುವುದಕ್ಕಾಗಿಯೇ ಈ ಅಂಕಿಯನ್ನು ಹುಡುಕಿದ್ದಾರೆ ಎಂದು ಕ್ವಾಲ್ಕಾಮ್ ದೂರಿತು. ಗಡಿಯಾರದ ತಕರಾರು ಬೇರೆ. ಅಮೆರಿಕದ ಪದ್ಧತಿಯಲ್ಲಿ ಎಲ್ಲ ಗೋಪುರಗಳೂ ಅಮೆರಿಕದ ಸೇನೆ ಹಾರಿಸಿದ ಜಿಪಿಎಸ್ ಉಪಗ್ರಹಗಳನ್ನು ನೋಡಿ ಕಾಲ ಹೊಂದಿಸಿಕೊಳ್ಳಬೇಕು. ಪರರಾಷ್ಟ್ರದ ಸೇನೆಯ ಗಡಿಯಾರವನ್ನು ನಂಬಿ ತಮ್ಮ ಮನೆಯ ಫೋನು ನಡೆಸುವುದು ಯೂರೋಪಿನವರಿಗೆ ಒಗ್ಗಲಿಲ್ಲ.

ಅಂಕಿಯ ಹಿಂದೆ ಹಣವಿತ್ತು. ಸಿಡಿಎಮ್ಎಯ ಮುಖ್ಯ ಪೇಟೆಂಟುಗಳು ಅನೇಕ ಕ್ವಾಲ್ಕಾಮಿನ ಕೈಯಲ್ಲಿದ್ದುವು. ಎರಿಕ್ಸನ್ನಿನ ಬಳಿಯೂ ಕೆಲವಿದ್ದುವು, ಇಬ್ಬರೂ ನ್ಯಾಯಾಲಯದಲ್ಲಿದ್ದರು. ಎರಡು ಪದ್ಧತಿಗಳನ್ನು ಒಂದುಗೂಡಿಸದಿದ್ದರೆ ನಮ್ಮ ಪೇಟೆಂಟುಗಳನ್ನು ನಿಮ್ಮ ಡಬ್ಲ್ಯುಸಿಡಿಎಮ್ಎಗೆ ಕೊಡುವುದಿಲ್ಲ ಎಂದು ಕ್ವಾಲ್ಕಾಮ್ 1998ರಲ್ಲಿ ಸಾರಿತು. ಅಡುಗೆ ಮಾಡುವವರು ನೂರು ಮಂದಿಯಿದ್ದರೂ ಉಪ್ಪಿನ ಡಬ್ಬಿಯ ಬೀಗದ ಕೈ ಒಬ್ಬನ ಸೊಂಟದಲ್ಲಿದ್ದರೆ ಏನಾದೀತು? ವರ್ಷದ ಕೊನೆಯೊಳಗೆ ನಿಮ್ಮ ಪೇಟೆಂಟು ವ್ಯಾಜ್ಯ ಬಗೆಹರಿಯದಿದ್ದರೆ ಸಿಡಿಎಮ್ಎ ಪ್ರಸ್ತಾವಗಳನ್ನೆಲ್ಲ ಒಟ್ಟಿಗೆ ಕೈಬಿಡಬೇಕಾದೀತೆಂದು ಜಿನೀವಾದ ಒಕ್ಕೂಟ ಎಚ್ಚರಿಸಿತು. ಡಿಸೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಸಚಿವೆ ಮೆಡಲಿನ್ ಆಲ್ಬ್ರೈಟ್ ಮೊದಲಾದ ದೊಡ್ಡವರು ಯೂರೋಪಿನ ಆಯೋಗದ ಮಾರ್ಟಿನ್ ಬಾಂಗೆಮನ್‌ರಿಗೆ ಕಾಗದ ಬರೆದರು. ನೋಡಿದಿರಾ! ಇಂಜಿನಿಯರುಗಳ ಟಿಪ್ಪಣಿಪುಸ್ತಕದ ಒಂದು ದಶಮಾಂಶ ಸಂಖ್ಯೆ ವಿದೇಶಾಂಗ ಸಚಿವರ ಮೇಜಿನವರೆಗೂ ನಡೆದುಹೋಯಿತು.

ಅದೇ ಡಿಸೆಂಬರಿನಲ್ಲಿ ಯೂರೋಪು, ಜಪಾನು, ಕೊರಿಯಾ, ಅಮೆರಿಕಗಳ ಮಾನಕ ಸಂಸ್ಥೆಗಳು ಸೇರಿ ‘3ಜಿಪಿಪಿ’ ಎಂಬ ಕೂಟವನ್ನು ಕಟ್ಟಿದುವು. ಡಬ್ಲ್ಯುಸಿಡಿಎಮ್ಎಯ ಪ್ರತಿಯೊಂದು ವಿವರವನ್ನೂ ಕುಳಿತು ಬರೆಯುವುದು ಅದರ ಕೆಲಸ. ಒಂದು ತಿಂಗಳಿಗೆಲ್ಲ ಎದುರು ಪಕ್ಷದವರು ‘3ಜಿಪಿಪಿ2’ ಎಂದು ಪಕ್ಕದಲ್ಲಿಯೇ ಇನ್ನೊಂದು ಚಪ್ಪರ ಹಾಕಿದರು. 1999ರ ಮಾರ್ಚ್ 25ರಂದು ಎರಿಕ್ಸನ್ನೂ ಕ್ವಾಲ್ಕಾಮೂ ರಾಜಿಯಾದುವು. ಇಬ್ಬರೂ ಪೇಟೆಂಟುಗಳನ್ನು ಪರಸ್ಪರ ಬಿಟ್ಟುಕೊಟ್ಟರು. ಕ್ವಾಲ್ಕಾಮಿನ ಗೋಪುರದ ಯಂತ್ರಗಳ ವಿಭಾಗವನ್ನು ಎರಿಕ್ಸನ್ನೇ ಕೊಂಡುಕೊಂಡಿತು. ವ್ಯಾಜ್ಯ ಹೂಡಿದವನೇ ಎದುರು ಪಕ್ಷದವನ ಕೊಟ್ಟಿಗೆಯ ಎತ್ತನ್ನು ಕೊಂಡು ಮನೆಗೆ ಹೋದ ಕಥೆ ನಮ್ಮ ಹಳ್ಳಿಗಳಲ್ಲಿಯೂ ಉಂಟು. ಆ ವರ್ಷದ ನಡುವೆ ಜಾಲ ನಡೆಸುವ ಕಂಪನಿಗಳವರು ಟೊರಾಂಟೊದಲ್ಲಿ ಕೂಡಿ, ಯೂರೋಪಿನವರ ಅಂಕಿಯನ್ನು 38 ಲಕ್ಷ 40 ಸಾವಿರಕ್ಕೆ ಇಳಿಸುವುದೆಂದು ಒಪ್ಪಿಸಿದರು. ಇದು ಹಳೆಯ ಅಂಕಿಯ ಹದಿನಾರರಲ್ಲಿ ಹದಿನೈದು ಪಾಲು. ಅಮೆರಿಕದ ಅಂಕಿಗೆ ಹತ್ತಿರ, ಆದರೆ ಅದೇ ಅಲ್ಲ. ಒಂದೇ ಫೋನಿನೊಳಗೆ ಎರಡು ಪದ್ಧತಿಗಳನ್ನೂ ಹುದುಗಿಸುವುದು ಸುಲಭವಾಗಲೆಂಬುದು ಉದ್ದೇಶ. ಅಮೆರಿಕದವರು ತಮ್ಮ ಅಂಕಿಯನ್ನು ತಾವೇ ಇಟ್ಟುಕೊಂಡರು.

ಈ ರಾಜಿಯ ಫಲವಾಗಿ 1999ರ ನವೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ ಕರಡು ಸಿದ್ಧವಾಗಿ, 2000ದ ಮೇ ತಿಂಗಳಲ್ಲಿ ಇಸ್ತಾಂಬುಲಿನಲ್ಲಿ ಒಪ್ಪಿಗೆ ಪಡೆದ ಐಎಮ್‌ಟಿ-2000 ಒಂದಾಗಿರಲಿಲ್ಲ, ಐದಾಗಿತ್ತು. ಡಬ್ಲ್ಯುಸಿಡಿಎಮ್ಎ, ಸಿಡಿಎಮ್ಎ-2000, ಚೀನದವರದನ್ನೂ ಒಳಗೊಂಡ ಸರದಿಯ ಪದ್ಧತಿ, ಅಮೆರಿಕದ ಹಳೆಯ ಸರದಿಯ ಪದ್ಧತಿಯ ಸುಧಾರಿತ ರೂಪ, ಮನೆಯೊಳಗಣ ತಂತಿರಹಿತ ಫೋನಿನ ಯೂರೋಪಿಯನ್ ಪದ್ಧತಿ: ಎಲ್ಲಕ್ಕೂ ಒಂದೇ ಹೆಸರು. 2007ರಲ್ಲಿ ವೈಮ್ಯಾಕ್ಸ್ ಎಂಬ ಆರನೆಯದೂ ಸೇರಿತು. ಮನೆಯ ಹೆಸರೊಂದು, ಒಲೆ ಆರು. ಇದನ್ನು ಸೋಲೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ; ಬೇರೆ ಬೇರೆ ಒಲೆಯಾದರೂ ನಡುಗೋಡೆಯಲ್ಲಿ ಒಂದು ಬಾಗಿಲು ಇಟ್ಟುಕೊಂಡರು. ಹಾಗೆಂದು, ಬೀರುವಿನಲ್ಲಿ ಮಲಗಿದ ಫೋನಿಗೆ ಈ ವೇದಾಂತದಿಂದ ಪ್ರಯೋಜನವಾಗಲಿಲ್ಲ.

ಆಮೇಲಿನ ಹರಾಜಿನ ಭರಾಟೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2000ದ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ 150 ಸುತ್ತು ಸವಾಲು ನಡೆದು ಐದು ಪರವಾನಗಿಗಳು ಸುಮಾರು 2250 ಕೋಟಿ ಪೌಂಡಿಗೆ ಹೋದುವು. ಆಗಸ್ಟಿನಲ್ಲಿ ಜರ್ಮನಿಯಲ್ಲಿ ಆರು ಕಂಪನಿಗಳು ಸುಮಾರು 5000 ಕೋಟಿ ಯೂರೋ ಸುರಿದುವು. ಅವುಗಳಲ್ಲಿ ಎರಡು ಆ ಪರವಾನಗಿಯ ಮೇಲೆ ಜಾಲವನ್ನೇ ನಡೆಸದೆ ಕೈಬಿಟ್ಟುವು. ಫಿನ್ಲೆಂಡು ಮಾತ್ರ ಅದಕ್ಕೆ ಒಂದು ವರ್ಷ ಮೊದಲೇ ಹರಾಜಿಲ್ಲದೆ ಹಂಚಿಬಿಟ್ಟಿತ್ತು. 2001ರ ಅಕ್ಟೋಬರ್ 1ರಂದು ಜಪಾನಿನ ಡೊಕೊಮೊ ‘ಫೋಮಾ’ ಎಂಬ ಹೆಸರಿನಲ್ಲಿ ಜಗತ್ತಿನ ಮೊದಲ ಡಬ್ಲ್ಯುಸಿಡಿಎಮ್ಎ ಜಾಲವನ್ನು ಜನರಿಗೆ ತೆರೆಯಿತು. ಹಿಂದಿನ ತಲೆಮಾರಿನಲ್ಲಿ ಒಂಟಿಯಾದ ನೋವಿನಿಂದ ಈ ಬಾರಿ ಲೋಕದೊಡನೆ ಹೋಗೋಣವೆಂದು ಹೊರಟ ಜಪಾನು, ಅವಸರದಿಂದ ಮಾನಕದ ಕೊನೆಯ ತಿದ್ದುಪಡಿಗಳಿಗೆ ಕಾಯದೆ ಜಾಲ ಕಟ್ಟಿಬಿಟ್ಟಿತು. ಆದುದರಿಂದ ಮೊದಮೊದಲಿನ ಫೋಮಾ ಫೋನು ಯೂರೋಪಿನಲ್ಲಿ ನಡೆಯಲಿಲ್ಲ! ಬಳಿಕ ಸರಿಪಡಿಸಿದರೆನ್ನಿ.

ನಮ್ಮ ದೇಶಕ್ಕೆ ಮೂರನೆಯ ತಲೆಮಾರು ಕಾಲಿಟ್ಟದ್ದು 2008ರ ಡಿಸೆಂಬರಿನಲ್ಲಿ, ದೆಹಲಿಯ ಸರಕಾರಿ ಕಂಪನಿ ಎಮ್‌ಟಿಎನ್‌ಎಲ್ ಮೂಲಕ. 2010ರ ಹರಾಜು 34 ದಿನ, 183 ಸುತ್ತು ನಡೆಯಿತು. ಸರಕಾರಿ ಕಂಪನಿಗಳು ಕೊಟ್ಟುದೂ ಸೇರಿ ಬೊಕ್ಕಸಕ್ಕೆ ಸುಮಾರು 67,719 ಕೋಟಿ ರೂಪಾಯಿ ಬಂದಿತು. ಕರ್ನಾಟಕದ ಒಂದು ಪಾಲಿನ ಬೆಲೆಯೇ ಸುಮಾರು 1,580 ಕೋಟಿ. 2011ರ ಜನವರಿಯಲ್ಲಿ ಏರ್‌ಟೆಲ್ ಬೆಂಗಳೂರಿನಲ್ಲಿ ಇದನ್ನು ಆರಂಭಿಸಿದಾಗ ನನ್ನ ತಂಗಿ ಮತ್ತೆ ಹಳೆಯ ಮಾತನ್ನು ಎತ್ತಿದಳು. ಅಳಿಯನು ಸಿಯೋಲಿನಿಂದಲೇ ಏನೇನೋ ಹೇಳಿಕೊಟ್ಟನು; ನಾನು ಕನ್ನಡಕ ಹಾಕಿಕೊಂಡು ಗುಂಡಿ ಒತ್ತಿದೆನು. ಒಂದು ಭಾನುವಾರ ಬೆಳಗ್ಗೆ, ಅಲ್ಲಿ ಊಟದ ಹೊತ್ತು, ನಡುಗುವ ಚಿತ್ರದಲ್ಲಿ ಆರು ತಿಂಗಳ ಮೊಮ್ಮಗನ ಮುಖ ಮೂಡಿತು. ತಂಗಿ ಮಾತನಾಡಲಿಲ್ಲ, ಸೆರಗಿನಿಂದ ಫೋನಿನ ಗಾಜನ್ನು ಒರೆಸಿದಳು. ಮಂಜಾಗಿದ್ದುದು ಗಾಜಲ್ಲವೆಂದು ನನಗೆ ತಿಳಿಯಿತು.

ಇಲ್ಲಿಯೂ ಒಂದು ವಿನೋದವುಂಟು. ಮುಖ ನೋಡಿ ಮಾತನಾಡುವುದಕ್ಕೆಂದೇ ಮೂರನೆಯ ತಲೆಮಾರಿನವರು ಸೆಕೆಂಡಿಗೆ 64 ಕಿಲೋಬಿಟ್ಟಿನ ಒಂದು ಪ್ರತ್ಯೇಕ ಏರ್ಪಾಡನ್ನು ಬಹು ಶ್ರಮದಿಂದ ಮಾನಕದಲ್ಲಿ ಸೇರಿಸಿದ್ದರು. ಜಾಹೀರಾತುಗಳಲ್ಲೆಲ್ಲ ಅದರದೇ ಮೆರವಣಿಗೆ. ನನ್ನ ತಂಗಿ ಮೊಮ್ಮಗನನ್ನು ನೋಡಿದ್ದು ಅದರಿಂದಲ್ಲ. ಇಂಟರ್‌ನೆಟ್ಟಿನ ಮೇಲೆ ನಡೆಯುವ ಸ್ಕೈಪಿನಿಂದ. ಸಮಿತಿಯವರು ಮುಂಬಾಗಿಲಿಗೆ ತೋರಣ ಕಟ್ಟಿ ಕಾದರು. ನೆಂಟರು ಹಿತ್ತಲ ಬಾಗಿಲಿನಿಂದ ಬಂದು ಊಟಕ್ಕೆ ಕುಳಿತಿದ್ದರು. ಅಮೆರಿಕದವರ ಗತಿಯೂ ಅಷ್ಟೆ. ಸಚಿವರಿಂದ ಕಾಗದ ಬರೆಸಿ ಕಾಪಾಡಿಕೊಂಡ ಆ 36 ಲಕ್ಷದ ಚಿಲ್ಲರೆ ಅಂಕಿಯ ಜಾಲವನ್ನು ಅವರು ವ್ಯಾಪಾರಕ್ಕೆಂದು ಎಲ್ಲಿಯೂ ಕಟ್ಟಲೇ ಇಲ್ಲ; ಹಳೆಯ ಮೂರರಲ್ಲೊಂದರಷ್ಟು ಅಂಕಿಯಲ್ಲಿಯೇ ಸುಧಾರಿಸಿಕೊಂಡರು.

ಈಗ ಕಟ್ಟಿಟ್ಟ ಗಂಟು ಬಿಚ್ಚುವ ಹೊತ್ತು. 1998ರಲ್ಲಿ ಭಾರತದ ಪ್ರಸ್ತಾವವಿರಲಿಲ್ಲವೆಂದೆನಲ್ಲ. ಆಗ ನಮ್ಮಲ್ಲಿ ಜೇಬಿನ ಫೋನು ಇದ್ದವರೇ ಹತ್ತು ಲಕ್ಷದ ಆಸುಪಾಸು. ಬೇರೆಯವರು ಹೊಲಿದ ಅಂಗಿಯನ್ನು ನಾವು ತೊಟ್ಟೆವು. ಅದೂ ಜಿಎಸ್‌ಎಮ್, ಸಿಡಿಎಮ್ಎ ಎಂದು ಎರಡು ಅಂಗಿ ಒಟ್ಟಿಗೆ. ಪೇಟೆಂಟಿನ ಪಾಲು ಪ್ರತಿಯೊಂದು ಫೋನಿನ ಬೆಲೆಯಲ್ಲಿಯೂ ಸೇರಿತ್ತು. ಭಾರತದ ಮಾನಕ ಸಂಸ್ಥೆ ಟಿಎಸ್‌ಡಿಎಸ್‌ಐ 3ಜಿಪಿಪಿಯ ಕೂಟದಲ್ಲಿ ಪಾಲುದಾರನಾಗಿ ಕುರ್ಚಿ ಪಡೆದದ್ದು 2015ರಲ್ಲಿ. ಐದನೆಯ ತಲೆಮಾರಿನ ಕಾಲಕ್ಕೆ ನಮ್ಮವರು, ಐಐಟಿಯ ಪ್ರಾಧ್ಯಾಪಕರೂ ಸೇರಿ, ಒಂದು ಮಾತು ಮುಂದಿಟ್ಟರು: ನಮ್ಮ ದೇಶದಲ್ಲಿ ಹಳ್ಳಿಯಿಂದ ಹಳ್ಳಿಗೆ ದೂರ ಹೆಚ್ಚು, ಪಂಚಾಯಿತಿಗೊಂದು ಗೋಪುರ ಹಾಕಿದರೆ ಅದರ ಕೈ ಸುತ್ತಲಿನ ಹಳ್ಳಿಗಳಿಗೆಲ್ಲ ಎಟಕಬೇಕು, ವೇಗ ತುಸು ಕಡಿಮೆಯಾದರೂ ಚಿಂತೆಯಿಲ್ಲ. ‘5ಜಿಐ’ ಎಂದು ಪ್ರತ್ಯೇಕ ಮಾನಕವನ್ನೇ ಬರೆದು, 2020-21ರಲ್ಲಿ ಜಿನೀವಾದ ಒಪ್ಪಿಗೆಯನ್ನೂ ಪಡೆದರು. ಆಗ ನಮ್ಮಲ್ಲಿಯೇ ವಾದವೆದ್ದಿತು. ಜಗತ್ತಿಗೊಂದು ಫೋನು, ನಮಗೊಂದು ಫೋನು ಎಂದಾದರೆ ಬೆಲೆ ಯಾರು ತೆರುವರು? ಮತ್ತೊಂದು ಒಲೆ ಹಚ್ಚುವುದೇ? ಕಡೆಗೆ ಅದರ ಸಾರವನ್ನು 3ಜಿಪಿಪಿಯ 17ನೆಯ ಆವೃತ್ತಿಯೊಳಗೆ ಬೆರೆಸಿದರು. ಬೇರೆ ಒಲೆ ಹಚ್ಚುವ ಕೈಯಿದ್ದೂ ಹಚ್ಚದೆ ದೊಡ್ಡ ಪಾತ್ರೆಯಲ್ಲಿ ನಮ್ಮ ಉಪ್ಪನ್ನು ಹಾಕಿದುದು ಸರಿಯೆಂದೇ ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ದಾಯಾದಿಗಳ ಸುದ್ದಿ ಹೇಳಲಿಲ್ಲ. ಸಿಡಿಎಮ್ಎ-2000ವನ್ನು ನಡೆಸುತ್ತಿದ್ದ ಅಮೆರಿಕದ ದೊಡ್ಡ ಕಂಪನಿ ವೆರೈಜನ್ 2007ರಲ್ಲಿ, ನಾಲ್ಕನೆಯ ತಲೆಮಾರಿಗೆ ತಾನು 3ಜಿಪಿಪಿಯ ಎಲ್‌ಟಿಇ ಪದ್ಧತಿಗೇ ಬರುವುದಾಗಿ ಹೇಳಿತು. ಮರುವರ್ಷ ಕ್ವಾಲ್ಕಾಮ್ ತನ್ನ ಪ್ರತ್ಯೇಕ ಯೋಜನೆಯನ್ನು ಮಡಿಸಿಟ್ಟಿತು. ಪಕ್ಕದ ಚಪ್ಪರ ಬರಿದಾಯಿತು. ಮೂರನೆಯ ತಲೆಮಾರಿನ ಜಾಲಗಳೂ ಒಂದೊಂದಾಗಿ ದೀಪ ಆರಿಸಿದುವು: ನಮ್ಮಲ್ಲಿ ಏರ್‌ಟೆಲ್ 2019-20ರಲ್ಲಿ, ಜರ್ಮನಿಯ ದೊಡ್ಡ ಕಂಪನಿಗಳು 2021ರಲ್ಲಿ. ಮೊದಲು ದೀಪ ಹಚ್ಚಿದ ಡೊಕೊಮೊ ಕೂಡ 2026ರ ಮಾರ್ಚ್ 31ನ್ನು ಫೋಮಾದ ಕೊನೆಯ ದಿನವೆಂದು ಸಾರಿತು.

ಇದನ್ನೆಲ್ಲ ಬರೆದು ತಂಗಿಗೆ ಓದಿ ಹೇಳಿದೆನು. ಅವಳು ತೊಗರಿಬೇಳೆ ಆರಿಸುತ್ತಿದ್ದಳು.

“ಹಾಗಾದರೆ ಟೊರಾಂಟೊದವರು ಮಾಡಿದ ರಾಜಿಯ ಅಂಕಿಯೂ ನೀರುಪಾಲಾಯಿತೇನು?” ಎಂದು ಕೇಳಿದಳು.

ಆಗಲಿಲ್ಲ. ಎಲ್‌ಟಿಇಯನ್ನು ಕಟ್ಟುವಾಗ ಹಳೆಯದೂ ಹೊಸದೂ ಒಂದೇ ಫೋನಿನಲ್ಲಿ ಬಾಳಬೇಕೆಂದು ಅದರ ಮೂಲಗಡಿಯಾರವನ್ನು ಆ ರಾಜಿಯ ಅಂಕಿಗೆ ಹೊಂದಿಸಿದರು. ಸೆಕೆಂಡಿಗೆ 3 ಕೋಟಿ 7 ಲಕ್ಷ 20 ಸಾವಿರ ಎಣಿಕೆ. 38 ಲಕ್ಷ 40 ಸಾವಿರವನ್ನು ಎಂಟರಿಂದ ಗುಣಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ.

ಅವಳು ಮೊರವನ್ನು ಕೆಳಗಿಟ್ಟು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದಳು. ಅಷ್ಟರಲ್ಲಿ ಜಗುಲಿಯ ಮೇಲಿದ್ದ ಫೋನು ಬಾರಿಸಿತು. ಸಿಯೋಲಿನಿಂದ ಮೊಮ್ಮಗ.